ಆಪರೇಷನ್ ಕೋಣೆಯಲ್ಲಿ ಅತ್ತಿಗೆ

ನಮ್ಮ ಅತ್ತಿಗೆಗೆ ಮಾತು ಕಡಿಮೆ. ನನ್ನ ಬಾಯಿಗೋ ಬೀಗವೇ ಇಲ್ಲ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ಮನೆಗೆ ಬಂದರೂ ಅದೇ ಚಾಳಿ. "ಇವಳನ್ನ ಕಟ್ಟಿಕೊಳ್ಳೋನು ಕಿವಿಗೆ ಹತ್ತಿ ಇಟ್ಕೊಂಡೇ ಬರಬೇಕು" ಎಂದು ಅಣ್ಣ ರೇಗಿಸಿದರೆ ಅತ್ತಿಗೆ ಸುಮ್ಮನೆ ನಗುತ್ತಿದ್ದರು, ಅಷ್ಟೇ.

ಅವರು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್. ಹಬೆಯಲ್ಲಿ ಶುದ್ಧಮಾಡಿದ ಕತ್ತರಿ, ಚಿಮಟ, ಸೂಜಿ-ದಾರಗಳನ್ನು ಹಸಿರು ಬಟ್ಟೆಯ ಮೇಲೆ ಜೋಡಿಸಿ, ಡಾಕ್ಟರ್ ಕೈ ಚಾಚಿದಾಗ ಬೇಕಾದದ್ದನ್ನು ಅಂಗೈಗೆ ಇಡಬೇಕು. ಡಾಕ್ಟರ ಕಣ್ಣು ಗಾಯದಿಂದ ಕದಲುವ ಹಾಗಿಲ್ಲ. ಮನೆಯಲ್ಲೂ ಅತ್ತಿಗೆಯದು ಅದೇ ವರಸೆ. ಅಮ್ಮ ಒಲೆಯ ಮುಂದೆ ಕೈ ಚಾಚಿದರೆ ಸಾಕು, ಸೌಟಿನ ಹಿಡಿ ಟಪ್ಪನೆ ಅಂಗೈಯಲ್ಲಿ. "ಅಮ್ಮಾ ತಾಯಿ, ನಾನೇನು ಹೊಟ್ಟೆ ಕೊಯ್ತಿದ್ದೀನಾ? ಹಾಲು ಕಾಯಿಸ್ತಿದ್ದೀನಿ" ಎನ್ನುತ್ತಿದ್ದರು ಅಮ್ಮ.

ಹೋದ ವರ್ಷ ನನ್ನ ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ ಕಾಣಿಸಿತು. ತೆಗೆಯಲೇಬೇಕು ಎಂದ ಡಾಕ್ಟರ್ ಏನನ್ನೂ ಮುಚ್ಚಿಡಲಿಲ್ಲ. ದನಿಯ ನರ ಆ ಗಡ್ಡೆಗೆ ಅಂಟಿಕೊಂಡಿದೆ, ಅದಕ್ಕೆ ಪೆಟ್ಟಾದರೆ ದನಿ ಹೋಗಬಹುದು ಎಂದರು. ಹೊಟ್ಟೆಪಾಡು ಹೇಗೋ ನಡೆದೀತು. ಮಾತಿಲ್ಲದೆ ನಾನು ನಾನಾಗಿ ಉಳಿಯುವುದು ಹೇಗೆ?

ಆಪರೇಷನ್ ಅತ್ತಿಗೆಯ ಆಸ್ಪತ್ರೆಯಲ್ಲೇ. ಸ್ವಂತದವರ ಆಪರೇಷನ್ನಿಗೆ ನಿಲ್ಲುವ ವಾಡಿಕೆ ಅಲ್ಲಿಲ್ಲ. ಆದರೂ ಅತ್ತಿಗೆ ತಾವಾಗಿ ಹೋಗಿ, ತಾವೇ ನಿಲ್ಲುತ್ತೇನೆಂದು ಡಾಕ್ಟರನ್ನು ಕೇಳಿದರಂತೆ.

"ಕೈ ನಡುಗಿದ್ರೆ?" ಎಂದರಂತೆ ಡಾಕ್ಟರ್.

"ನಡುಗಿದ್ರೆ ನಾನೇ ಹೊರಗೆ ಹೋಗ್ತೀನಿ ಸರ್. ನನ್ನ ಜಾಗಕ್ಕೆ ಇನ್ನೊಬ್ರು ರೆಡಿ ಇರ್ತಾರೆ."

ಮಂಪರು ಕವಿಯುವ ಮುಂಚೆ ನಾನು ಕಂಡದ್ದು ಮಾಸ್ಕಿನ ಮೇಲಿನ ಅವರ ಕಣ್ಣುಗಳನ್ನು. "ನಾನಿದ್ದೀನಿ" ಎಂದರು. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ. ನನ್ನ ಒಡಹುಟ್ಟಿದವರೂ ನನಗೆ ಅಷ್ಟು ಧೈರ್ಯ ಕೊಟ್ಟದ್ದಿಲ್ಲ.

ಎಚ್ಚರವಾದಾಗ ಇನ್ನೂ ಅದೇ ಕೋಣೆಯಲ್ಲಿದ್ದೆ. ಬಾಯಿಂದ ಉಸಿರಾಟದ ನಳಿಕೆ ತೆಗೆದಿದ್ದರು. "ಏನಾದ್ರೂ ಮಾತಾಡಮ್ಮ" ಎಂದರು ಡಾಕ್ಟರ್. ದನಿ ಬಾರದಿದ್ದರೆ ಎಂದು ಹೆದರಿ ತುಟಿ ಬಿಚ್ಚಲಿಲ್ಲ. ಅವರು ಮತ್ತೆ ಕೇಳಿದರು. ಕೊನೆಗೆ ಗಟ್ಟಿ ಮನಸ್ಸು ಮಾಡಿ "ಅತ್ತಿಗೆ, ನೀರು" ಎಂದೆ. ಒರಟೊರಟಾಗಿತ್ತು, ಆದರೆ ನನ್ನದೇ ದನಿ.

ಅತ್ತಿಗೆ ತಮ್ಮ ಟೇಬಲ್ಲಿನ ಪಕ್ಕದಲ್ಲಿ, ಗ್ಲೌಸ್ ತೊಟ್ಟ ಎರಡೂ ಕೈಗಳನ್ನು ಎದೆಮಟ್ಟಕ್ಕೆ ಎತ್ತಿ ನಿಂತಿದ್ದರು. ಕುತ್ತಿಗೆಯ ಒಳಗೆ ರಕ್ತ ಕಟ್ಟಿಕೊಂಡರೆ ತಕ್ಷಣ ಹೊಲಿಗೆ ಬಿಚ್ಚಬೇಕಾಗುತ್ತದೆ. ಹಾಗಾಗಿ ರೋಗಿಯನ್ನು ಹೊರಗೆ ಸಾಗಿಸುವತನಕ ಅವರು ಸಲಕರಣೆ ತೆಗೆದಿಡುವುದಿಲ್ಲ. ಅಲ್ಲಿಯವರೆಗೆ ಶುದ್ಧವಾಗಿಯೇ ಇರಬೇಕಾದ ಆ ಕೈಗಳು ಅವರ ಮುಖವನ್ನೂ ಮುಟ್ಟುವಂತಿಲ್ಲ. ಕಣ್ಣೀರು ಇಳಿದಿಳಿದು ಅವರ ಮಾಸ್ಕ್ ತೊಯ್ದುಹೋಗಿತ್ತು. ಪಕ್ಕದಲ್ಲಿದ್ದ ನರ್ಸು ಒರೆಸುತ್ತಲೇ ಇದ್ದರು.

"ನೀರು ಆಮೇಲೆ ಕೊಡ್ತಾರೆ" ಎಂದರು ಅತ್ತಿಗೆ. "ಇನ್ನೊಂದ್ಸಲ ಮಾತಾಡು."