ಅಪ್ಪನ ಮೇಲೆ ಹೇಳಿದ ಸಾಕ್ಷಿ

ಕಡೂರಿನ ನಮ್ಮ ಪ್ರಾರ್ಥನಾಲಯದಲ್ಲಿ ಭಾನುವಾರದ ಆರಾಧನೆಯ ನಡುವೆ ಸಾಕ್ಷಿ ಹೇಳುವ ಹೊತ್ತೊಂದಿದೆ. ಯಾರು ಬೇಕಾದರೂ ಎದ್ದು ನಿಂತು, ತಾನು ಹಿಂದೆ ಹೇಗಿದ್ದೆ, ಯೇಸುಸ್ವಾಮಿ ತನ್ನನ್ನು ಹೇಗೆ ಬದಲಾಯಿಸಿದರು ಎಂದು ಹೇಳಬಹುದು. ನಾವು ಸೇರುವುದೇ ನಲವತ್ತು ಜನ. ಅವರಲ್ಲಿ ನನ್ನ ಸಾಕ್ಷಿಗೆ ಒಳ್ಳೆಯ ಹೆಸರಿತ್ತು. ಹೊಸಬರು ಬಂದ ದಿನ ಪಾಸ್ಟರು ನನ್ನ ಕಡೆಗೇ ನೋಡುತ್ತಿದ್ದರು. ಇಪ್ಪತ್ತು ವರ್ಷ ಹಾಗೆ ಎದ್ದು ನಿಂತು ನಾನು ಸುಳ್ಳು ಹೇಳಿದೆ.

ನಾನು ಹುಟ್ಟಿದ್ದು ಅಜ್ಜಂಪುರದ ಪಕ್ಕದ ಹಳ್ಳಿಯಲ್ಲಿ. ರಾಗಿ, ಈರುಳ್ಳಿ ಬೆಳೆಯುವ ಮನೆ. ಅಪ್ಪ ಕುಡಿಯುತ್ತಿದ್ದ, ಅದು ನಿಜ. ಕುಡಿದ ದಿನ ಅವ್ವನಿಗೆ ಹೊಡೆಯುತ್ತಿದ್ದ, ಅದೂ ನಿಜ. ಹೊಡೆಯುವಾಗ ಒಂದು ಮಾತೂ ಆಡುತ್ತಿರಲಿಲ್ಲ. ನಾನೂ ತಂಗಿಯೂ ಕೊಟ್ಟಿಗೆಯಲ್ಲಿ ದನಗಳ ನಡುವೆ ಕೂತು, ಸದ್ದು ನಿಲ್ಲುವುದನ್ನು ಕಾಯುತ್ತಿದ್ದೆವು. ಅವನ ಹಾಗೆ ನಾನಾಗುವುದಿಲ್ಲ ಎಂದು ತಂಗಿಗೆ ಆಣೆ ಇಟ್ಟು ಹೇಳಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿ, ಕೆಲಸ ಸಿಗದೆ ಊರಲ್ಲೇ ಉಳಿದ ಎರಡನೇ ವರ್ಷಕ್ಕೆ ನಾನೂ ಸಾರಾಯಿ ಅಂಗಡಿಯ ದಾರಿ ಹಿಡಿದೆ.

ಒಂದು ಮಧ್ಯಾಹ್ನ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಈ ಮನೇಲಿ ಒಬ್ರು ಸಾಕು ಕಣೋ. ನೀನು ಹೋಗ್ಬೇಡ" ಎಂದಳು. ನಾನು ಅವಳ ತೋಳು ಹಿಡಿದು ಪಕ್ಕಕ್ಕೆ ಎಸೆದೆ. ಒರಳುಕಲ್ಲಿನ ಮೇಲೆ ಬಿದ್ದಳು. ಬಲ ಮುಂಗೈ ಮುರಿಯಿತು. ತಂಗಿ ಅಲ್ಲೇ ಹುರುಳಿ ಕೇರುತ್ತಿದ್ದಳು. ಅಪ್ಪ ಅಂದು ಕುಡಿದಿರಲಿಲ್ಲ. ಹೊಲದಿಂದ ಬಂದವನು ಒಮ್ಮೆ ನನ್ನ ಕಡೆ ನೋಡಿ, ಏನೂ ಕೇಳದೆ ಅವ್ವನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು, ಮೂಳೆ ಕಟ್ಟುವವರ ಮನೆಗೆ ಹೊಡೆದ. ದಾರಿಯಲ್ಲಿ ಕಂಡವರೆಲ್ಲ ಅವನದೇ ಕೆಲಸ ಎಂದುಕೊಂಡರು. "ಥೂ, ನಿನ್ ಕೈ ಸೇದೋಗ!" ಎಂದು ನೆರೆಮನೆಯ ಮುದುಕಿ ಮುಖದ ಮೇಲೇ ಶಾಪ ಹಾಕಿದಳು. ಅಪ್ಪ ಇಲ್ಲವೆನ್ನಲಿಲ್ಲ. ಅವ್ವನೂ ಬಾಯಿ ಬಿಡಲಿಲ್ಲ. ಮೂಳೆ ಸೊಟ್ಟಗೆ ಕೂಡಿತು. ಸಾಯುವವರೆಗೂ ಅವಳು ಎಡಗೈಯಲ್ಲಿ ರೊಟ್ಟಿ ತಟ್ಟಿದಳು.

ನಾನು ಊರು ಬಿಟ್ಟು ತರೀಕೆರೆಯ ಒಂದು ಸಾಮಿಲ್ಲಿನಲ್ಲಿ ಮರದ ಅಳತೆ ಬರೆಯುವ ಕೆಲಸಕ್ಕೆ ಸೇರಿದೆ. ಕುಡಿತವೂ ಜೊತೆಗೇ ಬಂತು. ಕಾಮಾಲೆಯಾಗಿ ಮಲಗಿದಾಗ ಪಕ್ಕದ ಮನೆಯ ಕ್ರೈಸ್ತ ಹೆಂಗಸೊಬ್ಬರು ತಿಂಗಳುಗಟ್ಟಲೆ ಗಂಜಿ ತಂದುಕೊಟ್ಟರು. ಬೈಬಲ್ ಓದು ಎಂದು ಅವರು ಒಂದು ದಿನವೂ ಹೇಳಲಿಲ್ಲ, ಕೇಳಿ ಪಡೆದದ್ದು ನಾನೇ. ಅಲ್ಲಿಂದೀಚೆಗೆ ಕುಡಿದಿಲ್ಲ. ಮದುವೆಯಾದೆ, ಹೆಂಡತಿ ಬದುಕಿದ್ದಷ್ಟು ದಿನ ಅವಳ ಮೇಲೆ ಕೈ ಎತ್ತಲಿಲ್ಲ. ಇದಿಷ್ಟೂ ದೇವರ ಕೃಪೆ. ಇದರಲ್ಲಿ ಸುಳ್ಳಿಲ್ಲ.

ಕಡೂರಿಗೆ ಬಂದು ಮೊದಲ ಸಲ ಸಾಕ್ಷಿ ಹೇಳಿದಾಗ, ಕುಡಿತದಿಂದ ನಮ್ಮ ಮನೆಯಲ್ಲಿ ಅವ್ವನ ಕೈ ಮುರಿಯಿತು ಎಂದಷ್ಟೇ ಹೇಳಿದೆ. ಆಮೇಲೆ ಒಬ್ಬರು ಬಂದು, "ಪಾಪ, ನಿಮ್ ತಂದೇನಾ ಬ್ರದರ್?" ಎಂದರು. ನಾನು ತಲೆಯಾಡಿಸಿದೆ. ಮುಂದಿನ ಸಲ ಬಾಯಲ್ಲೇ 'ನಮ್ಮಪ್ಪ' ಎಂದು ಬಂತು. ಅದರ ಮುಂದಿನ ಸಲ ಅವನ ಕೈಗೆ ಎತ್ತು ಹೊಡೆಯುವ ಬಾರುಕೋಲು ಬಂತು. ಬಾರುಕೋಲು ಎಂದೊಡನೆ ಹೆಂಗಸರು "ಸ್ತೋತ್ರ, ಸ್ತೋತ್ರ" ಎನ್ನುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಅಪ್ಪ ಎಷ್ಟು ಕೆಟ್ಟವನಾದರೆ ನನ್ನ ರಕ್ಷಣೆ ಅಷ್ಟು ದೊಡ್ಡದಾಗಿ ಕಾಣುತ್ತಿತ್ತು. ಕೊನೆಕೊನೆಗೆ ಆ ಬಾರುಕೋಲನ್ನು ನಾನೇ ಕಣ್ಣಾರೆ ಕಂಡಂತಾಗಿತ್ತು.

ಹೋದ ವರ್ಷ ಸಭೆಯ ಯಾರೋ ನನ್ನ ಸಾಕ್ಷಿಯನ್ನು ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದರು. ಅದು ಅವರಿವರ ಕೈ ದಾಟಿ ಚೌಳಹಿರಿಯೂರಿನಲ್ಲಿರುವ ತಂಗಿಯ ಮಗನ ಫೋನಿಗೂ ಹೋಯಿತು. ನಾನು ಕ್ರೈಸ್ತನಾದಾಗ ನಮ್ಮವರೆಲ್ಲ ದೂರವಾಗಿದ್ದರು. ತಂಗಿಯೊಬ್ಬಳು ಹಬ್ಬಕ್ಕೆ ಕರೆಯುವುದನ್ನು ಬಿಟ್ಟಿರಲಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಳು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ಏನಣ್ಣಯ್ಯ, ಅಪ್ಪನ ಕೈಗೆ ಬಾರುಕೋಲು ಯಾವಾಗ ಕೊಟ್ಟೆ?"

"ಬಾಯ್ತಪ್ಪಿ ಬಂತು ಕಣವ್ವ."

"ಅತ್ಕೊಂಡು ಕರ್ಕೊಂಡು ಹೇಳ್ತಾ ಇದ್ದೀಯ, ಬಾಯ್ತಪ್ಪಿ ಬಂತಂತೆ! ನಾನೇನು ಕುರುಡೀನಾ? ಅಲ್ಲೇ ಮೊರ ಹಿಡ್ಕೊಂಡು ಕೂತಿದ್ನಲ್ಲ."

ನಾನು ಆರಿದ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದೆ.

"ಅಪ್ಪ ಕುಡುಕನೇ, ಇಲ್ಲ ಅನ್ನಲ್ಲ. ಅವನ್ ಮಾಡಿದ್ದು ಅವನಿಗಿರ್ಲಿ. ನೀನ್ ಮಾಡಿದ್ದೂ ಅವನ್ ತಲೆಗೇ ಕಟ್ತೀಯಲ್ಲ? ತಾತ ಇಂಥೋನಾ ಅಂತ ನನ್ ಮಗ ಕೇಳ್ತಾನೆ. ಏನ್ ಹೇಳ್ಲಿ? ಎಲ್ಲಿ ನಿಂತು ಹೇಳಿದ್ಯೋ ಅಲ್ಲೇ ನಿಂತು ಸರಿಮಾಡು. ಅಲ್ಲೀವರ್ಗೂ ನನ್ ಮನೆ ಹೊಸ್ಲು ತುಳೀಬೇಡ."

ಪಾಸ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರಿನ್ನೂ ಚಿಕ್ಕ ವಯಸ್ಸಿನವರು. "ನಿಮ್ಮ ಸಾಕ್ಷಿ ಕೇಳಿ ಕುಡಿಯೋದು ಬಿಟ್ಟವರಿದ್ದಾರಲ್ಲ ಅಂಕಲ್, ಅವರ ಗತಿ? ನನ್ನ ಹತ್ರ ಅರಿಕೆ ಮಾಡ್ಕೊಂಡ್ರಲ್ಲ, ಸಾಲ್ದಾ?" ಎಂದರು. ಆ ಮಾತು ನನಗೆ ಹಿತವಾಗಿಯೇ ಇತ್ತು. ಎರಡು ಭಾನುವಾರ ಅದನ್ನೇ ಹಿಡಿದುಕೊಂಡು ಕೂತೆ. ಎರಡೂ ವಾರ ಹಾಡಿದ್ದು, ನಮ್ಮ ಪಾಪಗಳನ್ನು ಹೊತ್ತವನ ಹಾಡನ್ನು. ಹಾಡುತ್ತಿರುವಾಗ, ಬೈಗುಳ ಕೇಳಿಸಿಕೊಂಡು ಹಿಂತಿರುಗಿ ನೋಡದೆ ಗಾಡಿ ಹೊಡೆದ ಅಪ್ಪನ ಬೆನ್ನು ಕಂಡಿತು. ಅವನನ್ನು ದೇವರಿಗೆ ಹೋಲಿಸುತ್ತಿಲ್ಲ. ಅವನು ಅಷ್ಟು ಒಳ್ಳೆಯವನಲ್ಲ. ಆದರೆ ಆ ದಿನ ನನಗೆ ಬೀಳಬೇಕಾಗಿದ್ದ ಶಾಪ ಅವನ ಮೇಲೆ ಬಿತ್ತು, ಅವನು ಅದನ್ನು ತಿರುಗಿಸಿ ನನ್ನ ಕಡೆ ಎಸೆಯಲಿಲ್ಲ. ನಾನು ಮಾತ್ರ ಅದನ್ನು ಪ್ರಾರ್ಥನಾಲಯಕ್ಕೆ ತಂದು ವರ್ಷವರ್ಷ ಅವನ ಮೇಲೇ ಹಾಕಿದೆ.

ಮೂರನೆಯ ಭಾನುವಾರ ಎದ್ದೆ. ಇದನ್ನೂ ವಿಡಿಯೋ ಮಾಡಿ ಎಂದು ಕೇಳಿಕೊಂಡೆ. "ಅವ್ವನ ಕೈ ಮುರಿದದ್ದು ನಮ್ಮಪ್ಪನಲ್ಲ, ನಾನು. ಬಾರುಕೋಲು ಇರಲೇ ಇಲ್ಲ" ಎಂದೆ. ಯಾರೂ ಸ್ತೋತ್ರ ಎನ್ನಲಿಲ್ಲ. ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಒಬ್ಬ, "ನಮ್ಮನ್ನ ಚೆನ್ನಾಗಿ ಅಳಿಸಿದ್ರಿ ಬಿಡಿ" ಎಂದ. ನನ್ನ ಸಾಕ್ಷಿ ಕೇಳಿ ಕುಡಿತ ಬಿಟ್ಟವನು ಅವನು. ಈಗ ನನ್ನ ಜೊತೆ ಮಾತಾಡುವುದಿಲ್ಲ. ಕುಡಿಯುವುದೂ ಇಲ್ಲ, ಅದಕ್ಕಾಗಿ ದೇವರಿಗೆ ವಂದನೆ ಹೇಳುತ್ತೇನೆ.

ನಾಲ್ಕು ದಿನ ಬಿಟ್ಟು ತಂಗಿ ಫೋನ್ ಮಾಡಿದಳು. "ನೋಡ್ದೆ. ವಿಡಿಯೋದಲ್ಲಿ ಹೇಳೋದು ಸುಲಭ. ಬಂದು ನನ್ ಮಗನ್ ಎದ್ರಿಗೆ ಹೇಳು. ಸೋಮವಾರ ಹೊಲದ ಕೆಲ್ಸ ಇಲ್ಲ, ಮನೇಲಿರ್ತಾನೆ."

ಹೋದೆ. ಜಗಲಿಯ ಮುಂದೆ ನಿಂತುಕೊಂಡೇ ಹೇಳಿದೆ. ನಲವತ್ತು ಜನರ ಮುಂದೆ ಹೇಳುವಾಗ ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನನಗೆ ಗೊತ್ತಿತ್ತು. ಇಲ್ಲಿ ಮಾತು ತಡವರಿಸಿತು. ತಂಗಿಯ ಮಗ ಕೇಳಿಸಿಕೊಂಡು, "ತಾತ ನಿಂಗೆ ಏನೂ ಅನ್ಲಿಲ್ವಾ ಮಾವ?" ಎಂದ.

"ಇಲ್ಲ ಕಣಪ್ಪ. ಅವ್ವನ ಕೈ ಕಟ್ಟಿಸ್ಕೊಂಡು ಬಂದು ಒಲೆ ಹಚ್ಚಿದ. ನಂಗೂ ಮುದ್ದೆ ಇಕ್ಕಿದ."

ಒಳಗಿನಿಂದ ತಂಗಿ ಕಾಲು ತೊಳೆಯಲು ನೀರಿನ ಚೊಂಬು ತಂದು ಜಗಲಿಯ ಮೇಲಿಟ್ಟಳು.

"ಗಂಟುಗಂಟು ಮುದ್ದೆ," ಎಂದಳು ಮಗನಿಗೆ. "ನಿಮ್ ತಾತ ಹುಟ್ಟಿದ್ಮೇಲೆ ಮೊದಲ್ನೇ ಸಲ ತೊಳಸಿದ್ದು. ನಂಗೆ ಗಂಟಲಲ್ಲಿ ಇಳೀಲಿಲ್ಲ. ನಿಮ್ಮಾವ ಎರಡು ಉಂಡ."

ಹೌದು. ಉಂಡಿದ್ದೆ.