ಹಬ್ಬದ ಚುಟ್ಟದ ನಾಲಿಗೆ

ಬೆಂಕಿ ಇರುವ ತುದಿಯನ್ನು ಬಾಯೊಳಗೆ ಇಟ್ಟುಕೊಂಡು ಚುಟ್ಟ ಸೇದುತ್ತಿದ್ದರು ನಮ್ಮ ಅತ್ತೆ. ಹೊರಗೆ ಕಾಣುತ್ತಿದ್ದದ್ದು ಒಂದು ಕಪ್ಪು ಬಾಲ ಮಾತ್ರ. ತುಟಿ ಬಿಗಿದು, ಕೆನ್ನೆ ಒಳಕ್ಕೆ ಎಳೆದುಕೊಂಡು, ಎರಡೂ ಕೈಯಿಂದ ರೊಟ್ಟಿ ಬಡಿಯುತ್ತಲೋ ಎಲೆ ವಿಂಗಡಿಸುತ್ತಲೋ ಇರುತ್ತಿದ್ದರು. ಮಾತಾಡಬೇಕೆಂದು ಚುಟ್ಟ ತೆಗೆದರೆ ಬಾಯೊಳಗಿಂದ ನಿಗಿನಿಗಿ ಕೆಂಡ ಹೊರಗೆ ಬರುತ್ತಿತ್ತು. ಮದುವೆಯಾಗಿ ಬಂದ ಮೊದಲ ದಿನ ಅದನ್ನು ನೋಡಿ ನಾನು ಅಡುಗೆಮನೆ ಬಾಗಿಲ ಹಿಂದೆ ಸರಿದು ನಿಂತೆ. "ಏನ್ ಹಂಗ ನೋಡ್ತೀ? ಬೆಂಕಿ ಹೊರಗಿದ್ರ ಅರ್ಧಾ ಗಾಳಿ ತಿಂತತಿ. ಒಳಗಿದ್ರ ಪೂರಾ ನಾನ ತಿಂತೀನಿ," ಅಂದರು.

ಅವರ ತವರು ಕುರುಗೋಡು. ಅವರ ತಾಯಿ ಗಡಿಯಾಚೆಯ ತೆಲುಗು ಹಳ್ಳಿಯವರು. ಆ ಕಡೆ ಹೆಂಗಸರು ಸೇದುವುದೇ ಹೀಗೆ, ಅದಕ್ಕೆ ಅಡ್ಡಚುಟ್ಟ ಅಂತ ಹೆಸರು. ಅತ್ತೆಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು, ಗಿರಾಕಿ ಬಂದರೆ ಉರ್ದು ಬರುತ್ತಿತ್ತು, ನನ್ನನ್ನು ಬೈಯಲಿಕ್ಕೆ ಮಾತ್ರ ಅಚ್ಚ ಕನ್ನಡ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮ ಚುಟ್ಟದ ಅಂಗಡಿ, ಅದರ ಬೆನ್ನಿಗೇ ಮನೆ, ಕೌಲ್ ಬಜಾರಿನಲ್ಲಿ ಚುಟ್ಟ ಸುತ್ತುವ ಶೆಡ್ಡು. ನನ್ನ ಗಂಡ ಇನ್ನೂ ಸಾಲಿಗೆ ಹೋಗುವಾಗಲೇ ಮಾವ ತೀರಿಕೊಂಡಿದ್ದರಂತೆ. ಗಂಡಸಿಲ್ಲದ ಅಂಗಡಿ ಎಷ್ಟು ದಿನ ನಿಂತೀತು ಅಂತ ಪೇಟೆಯವರು ಕಾಯುತ್ತಿದ್ದರು. ಅತ್ತೆ ಹಿಂದಿನ ಕೋಣೆಯಲ್ಲಿ ಕೂತು ಬಂದ ಎಲೆಯನ್ನೆಲ್ಲ ಸೇದಿ ನೋಡಿ, ಇದು ಬೇಕು ಇದು ಬ್ಯಾಡ ಅನ್ನುತ್ತ ಅನ್ನುತ್ತಲೇ ಅಂಗಡಿ ನಿಲ್ಲಿಸಿದರು. ಪೇಟೆಯಲ್ಲಿ ನಮ್ಮದು "ನಾಲಿಗಿ ಇದ್ದ ಮನಿ" ಆಯಿತು.

ಆ ಹೆಸರು ಬಂದದ್ದು ಮುಖ್ಯವಾಗಿ ಹಬ್ಬದ ಚುಟ್ಟದಿಂದ. ವರ್ಷಕ್ಕೆ ಒಂದೇ ಸಲ, ದೀಪಾವಳಿಗೆ ಅಂತಲೇ ಮಾಡುವ ಮಾಲು. ಕುರುಗೋಡಿನ ಮನೆಯ ಕಲ್ಲಿನ ಕೋಣೆಯಲ್ಲಿ ವರ್ಷಗಟ್ಟಲೆ ಮಾಗಿಸಿದ ಹಳೇ ಎಲೆ, ಅದಕ್ಕೆ ಬೆಲ್ಲದ ನೀರು, ಲವಂಗ, ಒಂದು ಚೂರು ಸೇಂದಿಯ ಸಿಂಪಡಣೆ. ಸುತ್ತಿದ ಮೇಲೆ ಕೆಂಪು ದಾರ. ಮುಗಿದರೆ ಮುಗಿಯಿತು, ಕಲೆಕ್ಟರು ಬಂದು ಕೇಳಿದರೂ ಮುಂದಿನ ವರ್ಷವೇ. ಸಿರುಗುಪ್ಪದ ರೈಸ್‌ಮಿಲ್ಲಿನ ಸಾಹುಕಾರರು ಆಳು ಕಳಿಸಿ ತರಿಸಿಕೊಳ್ಳುತ್ತಿದ್ದರು. ಕಂಟೋನ್ಮೆಂಟಿನ ಕಡೆಯ ರೈಲ್ವೆ ದೊರೆಗಳು ಕ್ರಿಸ್‌ಮಸ್ಸಿಗೆಂದು ಮೊದಲೇ ಹೇಳಿಟ್ಟು ಹೋಗುತ್ತಿದ್ದರು.

ದಸರೆಯ ಬನ್ನಿ ಕೊಟ್ಟು ಮುಗಿದ ಮೇಲೆ ಒಂದು ಮಧ್ಯಾಹ್ನ ಅತ್ತೆ ಅದನ್ನು ಸೇದಿ ನೋಡುತ್ತಿದ್ದರು. ಅವತ್ತು ಬೆಳಿಗ್ಗೆಯಿಂದ ಖಾರ ಮುಟ್ಟುತ್ತಿರಲಿಲ್ಲ. ಒಗ್ಗಾಣಿ ಮಾಡಿದರೆ ಮೆಣಸಿನಕಾಯಿ ಆರಿಸಿ ಬದಿಗಿಟ್ಟು ಬರೀ ಮಂಡಕ್ಕಿ ತಿನ್ನುತ್ತಿದ್ದರು. ಬಾಯಿ ಮುಕ್ಕಳಿಸಿ, ಗೋಡೆಗೆ ಒರಗಿ ಕೂತು ಹೊಸ ಚುಟ್ಟ ಹಚ್ಚುತ್ತಿದ್ದರು. ಮೊದಲು ಎಲ್ಲರಂತೆ ಬೆಂಕಿ ಹೊರಗಿಟ್ಟು ನಾಲ್ಕು ದಮ್ಮು, ಆಮೇಲೆ ತಿರುಗಿಸಿ ಬೆಂಕಿ ಒಳಗೆ. ನನ್ನ ಗಂಡ ಬಾಗಿಲಲ್ಲಿ ಪರೀಕ್ಷೆ ಬರೆದ ಹುಡುಗನಂತೆ ನಿಂತಿರುತ್ತಿದ್ದರು. ಅತ್ತೆ ಹೇಳುವುದು ಎರಡರಲ್ಲಿ ಒಂದು ಮಾತು. "ಹೊಗಿ ಕುಂತೈತಿ" ಅಂದರೆ ಮೆತ್ತಗಾಗಿದೆ, ಕೆಂಪು ದಾರ ಕಟ್ಟಬಹುದು. "ಹೊಗಿ ಇನ್ನಾ ನಿಂತೈತಿ" ಅಂದರೆ ಗಂಟಲು ಕೆರೆಯುತ್ತದೆ, ಎಲೆ ಇನ್ನಷ್ಟು ಮಾಗಬೇಕು. ಮನುಷ್ಯರಿಗೂ ಅವರಿಗೆ ಇದೇ ಅಳತೆ. ನಾನು ಬಂದ ಹೊಸದರಲ್ಲಿ ನೆರೆಯವರು ಸೊಸೆ ಹೆಂಗದಾಳ ಅಂತ ಕೇಳಿದರೆ, "ಇನ್ನಾ ನಿಂತಾಳವಾ, ಕುಂದ್ರವಲ್ಲಳು" ಅನ್ನುತ್ತಿದ್ದರು.

ಕೂರುವುದೆಲ್ಲಿ ಬಂತು! ನನಗೆ ಆ ಹೊಗೆ ಕಂಡರೆ ಆಗುತ್ತಿರಲಿಲ್ಲ. ನನ್ನ ತವರು ಸಿರುಗುಪ್ಪ, ಕಾಲುವೆ ಪಕ್ಕದ ಭತ್ತದ ಗದ್ದೆ ಇದ್ದ ಮನೆ. ನಮ್ಮಲ್ಲಿ ಅಜ್ಜನ ಕಾಲದಿಂದ ಒಬ್ಬರೂ ಹೊಗೆಸೊಪ್ಪು ಮುಟ್ಟಿದವರಲ್ಲ. ಹೆಣ್ಣು ನೋಡಲು ಬಂದಾಗ ಅತ್ತೆ ಮೊದಲು ಕೇಳಿದ್ದೇ ಅದು. "ಮನ್ಯಾಗ ಯಾರೂ ಸೇದಂಗಿಲ್ಲ ಹೌದಲ್ರೀ? ನಶ್ಯ ಗಿಶ್ಯ ಏನೂ ಇಲ್ಲಲ್ಲ?" ಇಲ್ಲ ಅಂದ ಕೂಡಲೇ ಒಪ್ಪಿಬಿಟ್ಟರು. ಚುಟ್ಟದ ಅಂಗಡಿಯವರಿಗೆ ಮಡಿಯ ಸೊಸೆ ಬೇಕಂತೆ ಅಂತ ನಮ್ಮ ಚಿಕ್ಕಪ್ಪ ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರು.

ಅಂಥ ನನ್ನನ್ನು ಹಬ್ಬದ ಚುಟ್ಟ ನೋಡುವ ದಿನ ಅತ್ತೆ ತಮ್ಮ ಎದುರಿಗೇ ಕೂರಿಸುತ್ತಿದ್ದರು. ಕೈಗೊಂದು ಮೊರ, ಮೊರದಲ್ಲಿ ಅಕ್ಕಿ. "ಏ ಸಿರುಗುಪ್ಪದಾಕಿ, ಇಲ್ಲೇ ಕುಂತು ಆರಸು. ನಿಮ್ಮೂರ ಅಕ್ಕ್ಯಾಗ ಕಲ್ಲು ಭಾಳ." ಬೇರೆ ಕಡೆ ಕೂತು ಆರಿಸುತ್ತೇನೆ ಅಂದರೆ ಕಣ್ಣು ಕೆಕ್ಕರಿಸುತ್ತಿದ್ದರು. ಬಿಟ್ಟ ಹೊಗೆಯೆಲ್ಲ ನನ್ನ ಮುಖಕ್ಕೆ. ಇದು ಸೊಸೆಯನ್ನು ಬಗ್ಗಿಸುವ ಉಪಾಯ ಅಂದುಕೊಂಡೆ. ಒಳಗೊಳಗೇ ಶಾಪ ಹಾಕಿದೆ ಕೂಡ: ಈ ಮುದುಕಿ ಬಾಯಿ ಸುಟ್ಟುಹೋಗಲಿ ಅಂತ. ದೇವರು ಕೇಳಿಸಿಕೊಳ್ಳಬಾರದ್ದನ್ನು ಬೇಗ ಕೇಳಿಸಿಕೊಳ್ಳುತ್ತಾನೆ ನೋಡಿ.

ಹಾಗೆ ಕೆಲವು ದೀಪಾವಳಿ ಕಳೆದವು. ಅತ್ತೆಯ ಮಾತು ಒಂದು ಸಲವೂ ತಪ್ಪಲಿಲ್ಲ. ಆಮೇಲೆ ನಾನು ಬಾಣಂತನಕ್ಕೆಂದು ಸಿರುಗುಪ್ಪಕ್ಕೆ ಹೋದೆ, ದಸರೆಯ ಹಿಂದುಮುಂದೆ ಮಗ ಹುಟ್ಟಿದ. ಆ ವರ್ಷದ ಹಬ್ಬದ ಚುಟ್ಟ ಕೆಟ್ಟಿತು. ಅತ್ತೆ ಹೊಗಿ ಕುಂತೈತಿ ಅಂದಿದ್ದರು, ದಾರ ಕಟ್ಟಿ ಕಳಿಸಿದ್ದರು. ಸೇದಿದವರ ಗಂಟಲೆಲ್ಲ ಉರಿದು, ಹಬ್ಬದ ಮನೆಗಳಲ್ಲಿ ಗಂಡಸರು ಕೆಮ್ಮುತ್ತ ಕೂತರಂತೆ. ಬಾಣಂತಿ ಕೋಣೆಯಲ್ಲಿ ಮಲಗಿದ್ದ ನನ್ನ ಕಿವಿಗೇ ಬಿತ್ತು. "ನಿಮ್ಮತ್ತಿ ನಾಲಿಗಿ ಕೆಟ್ಟೋತಂತಲ್ಲೇ," ಅಂದರು ಓಣಿಯ ಹೆಂಗಸರು. ಪೇಟೆಯವರು ಮಾಲು ಮರಳಿ ತಂದು ಅಂಗಡಿ ಕಟ್ಟೆಯ ಮೇಲೆ ಇಟ್ಟು, ಮಾತಾಡದೆ ಹೋದರಂತೆ. ಬೈದಿದ್ದರೆ ವಾಸಿಯಿತ್ತು ಅಂತ ನನ್ನ ಗಂಡ ಆಮೇಲೆ ಹೇಳಿದರು.

ಕೂಸು ಎತ್ತಿಕೊಂಡು ಬಳ್ಳಾರಿಗೆ ಮರಳಿದಾಗ ಅತ್ತೆ ಅರ್ಧ ಆಗಿದ್ದರು. ಮೊಮ್ಮಗನಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಾಗ ನಾನು ಸುಮ್ಮನಿರಲಾರದೆ ಕೇಳಿದೆ. "ಅಲ್ಲತ್ತೀ, ಅಷ್ಟ ಖಾರಿತ್ತಂತ, ನಿಮಗ ಹೆಂಗ ಗೊತ್ತಾಗಲಿಲ್ಲ?"

"ನೀ ಇರಲಿಲ್ಲಲ್ಲ," ಅಂದರು.

ನನಗೆ ಉರಿದುಹೋಯಿತು. "ಇದಕ್ಕೂ ನಾನ ಕಾರಣೇನ್ರಿ? ಹಡಿಯಾಕ ಹೋದದ್ದೂ ತಪ್ಪಾತೇನು?"

ಅವರು ನನ್ನ ಕೈ ಹಿಡಿದು ಬೆಳಕಿಂಡಿಯ ಕೆಳಗೆ ಕರೆದುಕೊಂಡು ಹೋಗಿ ಬಾಯಿ ತೆರೆದರು. ಮೇಲಿನ ಅಂಗುಳವೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ, ಅದರ ನಡುವೆ ಕೆಂಪಗೆ ಒಂದು ಹುಣ್ಣು. ಬಾಯಿ ಮುಚ್ಚಿಕೊಂಡು ಅವರು ಹೇಳಿದರು, "ರುಚಿ ಹೋಗಿ ಭಾಳ ವರ್ಷಾತು. ನಿನ್ನ ತರೋಕಿಂತ ಮೊದ್ಲ ಹೋತು. ಉಪ್ಪು ಯಾವುದು, ಬೆಲ್ಲ ಯಾವುದು, ಏನೂ ತಿಳಿಯಂಗಿಲ್ಲ ನನಗ."

"ಮತ್ತ ಇಷ್ಟು ವರ್ಷ?"

"ನಿನ್ನ ಮಕ ನೋಡಿ ಹೇಳ್ತಿದ್ದೆ. ಹೊಗಿ ನಿಂತಿದ್ರ ನಿನ್ನ ಎಡಗಣ್ಣು ಸಣ್ಣಾಕ್ಕಿತ್ತು, ಮೂಗು ಏರಸ್ತಿದ್ದಿ, ಕೈ ಮೊರದಾಗ ನಿಂತು ಬಿಡ್ತಿತ್ತು. ಕುಂತಿದ್ರ ನೀ ಬೈಕೋಂತನ ಅಕ್ಕಿ ಆರಸ್ತಿದ್ದಿ. ಸೇದೋರ್ನ ಕುಂದ್ರಿಸಿದ್ರ ಏನ್ ಉಪಯೋಗ? ನನ್ನ ಮಗ ದಿನಾ ಸೇದತಾನ, ಅವಗ ಎಲ್ಲಾ ಒಂದ. ಹೊಗಿಸೊಪ್ಪು ಮುಟ್ಟದ ಮನಿ ಹೆಣ್ಣು ಬೇಕಿತ್ತು."

ಕಪಾಳಕ್ಕೆ ಹೊಡೆದಂತಾಯಿತು. ನನ್ನ ಮದುವೆ, ನನ್ನ ಜಾತಕ, ನಮ್ಮಪ್ಪನ ಸಂಭ್ರಮ, ಎಲ್ಲದರ ಬೆಲೆ ಒಂದು ಮೂಗು. "ಇದಕ್ಕ ತಂದ್ರೇನು ನನ್ನ?" ಅಂತ ಅಳುತ್ತ ಕೂಗಿದೆ.

"ಇದಕ್ಕ ತಂದೆ," ಅಂದರು ಅತ್ತೆ. "ಮನ್ಯಾಗ ಇಟಗೊಂಡಿದ್ದು ಇದಕ್ಕಲ್ಲ."

ಆವತ್ತು ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಸಂಕಟವೂ ಇತ್ತು. ಡಾಕ್ಟರ ಹತ್ತಿರ ಹೋಗೋಣ ಅಂದರೆ ಬ್ಯಾಡ ಅಂದರು. ಡಾಕ್ಟರು ಎಷ್ಟು ವರ್ಷದಿಂದ ರುಚಿ ಇಲ್ಲ ಅಂತ ಕೇಳುತ್ತಾನೆ, ಮಗ ಪಕ್ಕದಲ್ಲೇ ನಿಂತಿರುತ್ತಾನೆ ಅನ್ನುವುದು ಅವರ ಭಯ. ಗಂಡ ಸತ್ತ ಮೇಲೆ ಆ ಮನೆಯಲ್ಲಿ, ಆ ಪೇಟೆಯಲ್ಲಿ ಅವರಿಗಿದ್ದ ಗೌರವವೆಲ್ಲ ಆ ಒಂದು ನಾಲಿಗೆಯದು. ಅದು ಎಂದೋ ಸತ್ತಿತ್ತು ಅಂತ ಗೊತ್ತಾದರೆ ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ನಾನು ಹಟ ಹಿಡಿದೆ, ಊಟ ಬಿಟ್ಟೆ. ಕಡೆಗೆ ಒಂದು ಕರಾರಿನ ಮೇಲೆ ಒಪ್ಪಿದರು. "ರೋಗ ಹೇಳು. ನಾಲಿಗಿ ಸುದ್ದಿ ಹೇಳಬ್ಯಾಡ. ನನ್ನ ಮೊಮ್ಮಗನ ಆಣಿ ಐತಿ ನಿನಗ."

ಮೊಮ್ಮಗ ಅಂದರೆ ನನ್ನ ಮಗನೇ! ಎಂಥ ಕಡೆ ಕಟ್ಟಿ ಹಾಕಿದರು ನೋಡಿ.

ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ನನ್ನ ಗಂಡನನ್ನು ಹೊರಗೆ ಕರೆದುಕೊಂಡು ಹೋದರು. ದೊಡ್ಡ ಊರಿಗೆ ಒಯ್ಯಿರಿ, ಮೇಲಿನ ದವಡೆ ತೆಗೆಯಬೇಕಾದೀತು, ತೆಗೆದರೂ ಭರವಸೆ ಇಲ್ಲ ಅಂದರಂತೆ. ಆಟೋದಲ್ಲಿ ಬರುವಾಗ ಅವರು ಅದನ್ನು ಹೇಳಿದರೆ ಅತ್ತೆ ತಲೆ ಅಲ್ಲಾಡಿಸಿ ಮುಗಿಸಿಬಿಟ್ಟರು. "ಬಾಯಿ ತಗದ್ ಮ್ಯಾಲ ನಾ ಇದ್ದೇನ್ ಮಾಡ್ಲಿ?" ನನ್ನ ಗಂಡ ಬೀದಿ ಅಂತ ನೋಡದೆ ಅತ್ತರು.

ಮುಂದಿನ ದಸರೆಯ ಹೊತ್ತಿಗೆ ಅತ್ತೆ ಗಂಜಿಯ ಮೇಲೆ ಬದುಕಿದ್ದರು. ಆ ವರ್ಷ ಹಬ್ಬದ ಚುಟ್ಟ ಸರಿ ಹೋಗದಿದ್ದರೆ ಪೇಟೆಯಲ್ಲಿ ನಮ್ಮನ್ನು ಕೇಳುವವರಿರಲಿಲ್ಲ. "ನೀ ನೋಡೋದು ಬ್ಯಾಡವಾ, ನಾನ ಏನರ ಮಾಡ್ತೀನಿ," ಅಂದರು ನನ್ನ ಗಂಡ. ಅತ್ತೆ ಕೇಳಲಿಲ್ಲ. ಗೋಡೆಗೆ ದಿಂಬು ಕೊಟ್ಟು ಕೂರಿಸಿದೆವು. ನಾನು ಯಾರೂ ಹೇಳದೆಯೇ ಮೊರ ತಂದು ಎದುರಿಗೆ ಕೂತೆ.

ಆದರೆ ಗೊತ್ತಾದ ಮೇಲೆ ಮುಖ ನಮ್ಮ ಮಾತು ಕೇಳುವುದಿಲ್ಲ. ಮೊದಲು ನಾನು ಸುಮ್ಮನೆ ನಾನಾಗಿದ್ದೆ, ಈಗ ನನ್ನ ಮುಖವನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಅತ್ತೆ ಬೆಂಕಿಯನ್ನು ಒಳಗಿಡಲಿಲ್ಲ, ಇಡುವಂತಿರಲಿಲ್ಲ. ಎಲ್ಲರಂತೆ ಎಳೆದು, ಆ ನೋವಿನಲ್ಲಿ ಹುಬ್ಬು ಗಂಟಿಕ್ಕಿ, ಹೊಗೆ ನನ್ನ ಕಡೆ ಬಿಟ್ಟರು. ಹೊಗೆ ಮೆತ್ತಗಿತ್ತು. ಬೆಲ್ಲದ ಪಾಕ ಕಾಯುವಾಗಿನ ವಾಸನೆ, ಹಿಂದಿನಿಂದ ಸಣ್ಣಗೆ ಲವಂಗ. ನಿಜಕ್ಕೂ ಚೆನ್ನಾಗಿತ್ತು. ಆದರೆ ಅವರ ಬಾಯಿಯ ಕೊನೆಯಿಂದ ರಕ್ತದ ಎಳೆ ಇಳಿಯುವುದನ್ನು ನೋಡಿ ನನ್ನ ಕಣ್ಣಲ್ಲಿ ನೀರು ತುಂಬಿತು. ಅತ್ತೆಯ ದೃಷ್ಟಿ ನನ್ನ ಕಣ್ಣಿನ ಮೇಲೇ ಇತ್ತು. ಅವರ ಮುಖ ಇಳಿಯಿತು. ಹೊಗೆ ನಿಂತಿದೆ, ಅದಕ್ಕೇ ಕಣ್ಣೀರು ಅಂತ ಅವರು ತಿಳಿದರು. ನಿಂತೈತಿ ಅನ್ನಲು ತುಟಿ ಬಿಚ್ಚಿದರು.

ಬಾಗಿಲಲ್ಲಿ ಗಂಡ. ಬಾಯಿ ಬಿಟ್ಟು ಹೇಳುವಂತಿಲ್ಲ. ನಾನು ತಲೆ ತಗ್ಗಿಸಿ, ಕಣ್ಣೀರು ಮೊರಕ್ಕೆ ಬಿದ್ದರೆ ಬೀಳಲಿ ಅಂತ, ಬೇಕೆಂದೇ ಸದ್ದು ಮಾಡಿ ಅಕ್ಕಿ ಆರಿಸತೊಡಗಿದೆ. ಒಂದು ಕಲ್ಲು ತೆಗೆದು ಎಸೆದೆ. ಇನ್ನೊಂದು ಎಸೆದೆ. "ಹಾಳಾದ ಅಕ್ಕಿ, ಬರೇ ಕಲ್ಲ," ಅಂತ ಹಿಂದಿನಂತೆಯೇ ಗೊಣಗಿದೆ. ಅತ್ತೆ ಇನ್ನೊಂದು ದಮ್ಮು ಎಳೆದು ಬಿಟ್ಟರು. ನನ್ನ ಕೈ ನಿಲ್ಲಲಿಲ್ಲ.

"ಕುಂತೈತಿ," ಅಂದರು. ಮಾತು ಒಡೆದು ಬಂತು, ಆದರೂ ಮಗನಿಗೆ ಕೇಳಿಸಿತು. ಆ ಮನುಷ್ಯ ಚಪ್ಪಲಿ ಮರೆತು ಕೌಲ್ ಬಜಾರಿಗೆ ಓಡಿದರು.

ಆ ವರ್ಷದ ಮಾಲು ನೀರು ತುಂಬುವ ಹಬ್ಬದ ಹೊತ್ತಿಗೇ ಖಾಲಿ. ಸಿಟ್ಟಿನಿಂದ ಹೋಗಿದ್ದವರೆಲ್ಲ ಮರಳಿ ಬಂದರು. "ಮುದುಕಿ ನಾಲಿಗಿ ಮತ್ತ ಚಿಗರ್ತಪ," ಅಂದರು. ಅಂಗಡಿಯಿಂದ ಆ ಮಾತು ಒಳಗೆ ಕೇಳಿದಾಗ ಅತ್ತೆ ನನ್ನ ಗದ್ದ ಹಿಡಿದು, ಬಹಳ ಹೊತ್ತು ಹಾಗೇ ನೋಡಿದರು. ಅವರು ನನ್ನನ್ನು ಮುದ್ದು ಮಾಡಿದ್ದು ಅಂತ ನೆನಪಿರುವುದು ಅದೊಂದೇ ಸಲ.

ಕಾರ್ತಿಕ ಮುಗಿಯುವ ಮೊದಲೇ ಹೋದರು. ಮಾತು ನಿಂತು, ನೀರೂ ಇಳಿಯದೆ, ಬಹಳ ಕಷ್ಟಪಟ್ಟು ಹೋದರು. ಒಳ್ಳೆ ಸಾವು ಅಂತ ಯಾರೋ ಅಂದರು. ಅಲ್ಲ, ಅದು ಕೆಟ್ಟ ಸಾವು, ನಾನು ಪಕ್ಕದಲ್ಲಿದ್ದೆ. ಕುರುಗೋಡಿಗೆ ಒಯ್ದು ಮಣ್ಣು ಮಾಡುವಾಗ ಅವರ ಕಡೆಯ ಒಬ್ಬ ಮುದುಕಿ ಚುಟ್ಟದ ಕಟ್ಟು ತಂದು, ಕುಣಿಯಲ್ಲಿಡಿ, ಅಕಿಗಿ ಭಾಳ ಆಸೆ ಅಂದಳು. ನಾನು ಅದನ್ನು ಕಿತ್ತು ದೂರ ಎಸೆದೆ. "ಅಲ್ಲೂ ಬಿಡಬಾರದೇನ ಅಕಿನ್ನ!" ಅಂತ ಕೂಗಿದೆ. ಸೇರಿದ್ದ ಜನ ಸೊಸೆಗೆ ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು.

ಮುಂದಿನ ವರ್ಷದಿಂದ ನಮ್ಮ ಅಂಗಡಿಯಲ್ಲಿ ಹಬ್ಬದ ಚುಟ್ಟ ಮಾಡಲಿಲ್ಲ. ನೋಡಿ ಹೇಳುವವರು ಯಾರು ಅಂತ ನನ್ನ ಗಂಡ ಕೈಬಿಟ್ಟರು. ನಾನಿದ್ದೆ, ಹೇಳಲಿಲ್ಲ. ಆಣೆ ಒಂದು ಕಡೆ ಇರಲಿ, ಆ ಎಲೆಯ ಮೇಲೆ ನನಗಿದ್ದ ಹಗೆ ಇನ್ನೊಂದು ಕಡೆ.

ಅಂಗಡಿ ಬೇರೆಯವರ ಕೈಸೇರಿತು, ನನ್ನ ಗಂಡ ಮುದುಕರಾದರು, ಈಗ ಅವರೂ ಇಲ್ಲ. ಇರುವಷ್ಟು ದಿನ ತಾಯಿಯ ಸುದ್ದಿ ಬಂದರೆ ಸಾಕು, ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೇಳುತ್ತಿದ್ದರು. "ನಮ್ಮವ್ವನ ನಾಲಿಗಿ ಜೀವಮಾನದಾಗ ಒಂದ ಸಲ ತಪ್ಪಿತ್ತು. ನಿಮ್ಮಪ್ಪ ಹುಟ್ಟಿದ ವರ್ಷ. ಮೊಮ್ಮಗ ಹುಟ್ಟಿದ ಖುಷ್ಯಾಗ ಅಕಿಗಿ ಖಾರಾನೂ ಸೀ ಅನಿಸಿಬಿಟ್ಟಿತ್ತು." ಹೇಳಿ ಮುಗಿಸಿ, ಸಾಕ್ಷಿಗೆ ಅಂತ ನನ್ನ ಕಡೆ ತಿರುಗುತ್ತಿದ್ದರು. "ಹೌದಿಲ್ಲ?"

"ಹೌದ್ರಿ," ಅನ್ನುತ್ತಿದ್ದೆ. "ಖುಷಿಗೇ ತಪ್ಪಿದ್ದು."