ನಾನು ಮಾರಿದ ದ್ರಾಕ್ಷಾರಿಷ್ಟ

ಮೊನ್ನೆ ಅಡುಗೆಮನೆಯ ಮೂಲೆಯಲ್ಲಿ ಮರೆತುಬಿಟ್ಟಿದ್ದ ಡಬ್ಬಿಯೊಂದರ ಮುಚ್ಚಳ ತೆಗೆದೆ. ಒಳಗಿದ್ದ ಒಣದ್ರಾಕ್ಷಿಗೆ ಹೇಗೋ ನೀರು ತಾಗಿ, ಹುಳಿ ಬಂದು, ಘಮ್ಮೆಂದಿತು. ಸೊಸೆ ಮೂಗು ಮುಚ್ಚಿಕೊಂಡಳು. ನಾನು ಡಬ್ಬಿಯನ್ನು ಇನ್ನಷ್ಟು ಹತ್ತಿರ ಹಿಡಿದುಕೊಂಡೆ. ತಪ್ಪು ತಿಳಿಯಬೇಡಿ, ಒಂದು ಕಾಲದಲ್ಲಿ ನಮ್ಮ ಮನೆಗೆ ಅನ್ನ ಹಾಕಿದ ವಾಸನೆ ಅದು.

ಏಕೀಕರಣವಾಗಿ ಒಂದೆರಡು ವರ್ಷ ಕಳೆದಿದ್ದ ಕಾಲ. ಶಿಕಾರಿಪುರದಲ್ಲಿ ನಮ್ಮಪ್ಪ ಪಂಡಿತರು. ಅವರು ಒಳಕೋಣೆಯಲ್ಲಿ ನಾಡಿ ಹಿಡಿಯುತ್ತಿದ್ದರು. ಇಪ್ಪತ್ತೆರಡರ ನಾನು ಮುಂದಿನ ಅಂಗಡಿಯಲ್ಲಿ ಕೂತು ಔಷಧಿ ಮಾರುತ್ತಿದ್ದೆ. ದ್ರಾಕ್ಷಾರಿಷ್ಟ ನಮ್ಮಲ್ಲೇ ತಯಾರಾಗುತ್ತಿತ್ತು. ದ್ರಾಕ್ಷಿಯ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಸೇರಿಸಿ, ಭರಣಿಯ ಬಾಯಿ ಬಿಗಿದು, ಭತ್ತದ ರಾಶಿಯಲ್ಲಿ ಒಂದು ತಿಂಗಳು ಹುದುಗಿಸಿಡುವುದು. ಕಿವಿಯಿಟ್ಟರೆ ಒಳಗೆ ಯಾರೋ ಗುಸುಗುಸು ಮಾತಾಡಿದಂತೆ ಕೇಳುತ್ತಿತ್ತು. ಹದ ನೋಡುವ ನೆಪದಲ್ಲಿ ಒಮ್ಮೆ ನಾಲ್ಕು ಚಮಚ ಕುಡಿದು, ಮಧ್ಯಾಹ್ನವಿಡೀ ಔಷಧಿ ಕುಟ್ಟುವ ಖಲಬತ್ತಿನ ಪಕ್ಕದಲ್ಲೇ ನಿದ್ದೆ ಹೋಗಿದ್ದೆ.

ಗಿರಾಕಿಯ ಮುಖ ನೋಡಿದೊಡನೆ ಅವರಿಗೇನು ಬೇಕೆಂದು ಹೇಳಬಲ್ಲೆ ಎಂಬ ಜಂಬ ನನಗೆ. ಹಸಿವಿಲ್ಲದ ಮೇಷ್ಟರಿಗೆ ಊಟವಾದ ಮೇಲೆ ಎರಡು ಚಮಚ. ನಿದ್ದೆ ಬಾರದ ಅಜ್ಜಿಗೆ ಬಿಸಿನೀರು ಬೆರೆಸಿ. ಅಂಜನಾಪುರದಿಂದ ವಾರವಾರವೂ ಕೆಮ್ಮು ಹೊತ್ತು ಬರುತ್ತಿದ್ದ ಗೌಡರಿಗೆ ಮಾತ್ರ ಚಿಕ್ಕ ಶೀಸೆ. ಅವರ ಕೆಮ್ಮು ನಮ್ಮ ಮೆಟ್ಟಿಲ ಮೇಲೆ ಶುರುವಾಗಿ, ಶೀಸೆ ಕೈಗೆ ಬಂದೊಡನೆ ನಿಲ್ಲುತ್ತಿತ್ತು. ಯಾರೂ ಬರಿಗೈಯಲ್ಲಿ ಮೆಟ್ಟಿಲಿಳಿಯಬಾರದು ಎಂಬುದು ನನ್ನ ಹಟ.

ಒಂದು ದಿನ ಸೊರಬದ ದರ್ಜಿ ಬಾಷಾ ಸಾಬರು ಬಂದರು. ಹೆಂಡತಿ ಹೆತ್ತು ತಿಂಗಳಾಗಿತ್ತು, ಸುಸ್ತು ಬಿಟ್ಟಿರಲಿಲ್ಲ. ಯಾರೋ ನಮ್ಮ ದ್ರಾಕ್ಷಾರಿಷ್ಟದ ಹೆಸರು ಹೇಳಿದ್ದರಂತೆ. ಬಾಟಲಿಯನ್ನು ಬೆಳಕಿಗೆ ಹಿಡಿದು ಕೇಳಿದರು:

“ಅಕ್ಕಾ, ಇದ್ರಾಗೆ ನಶಾ ಏನಾದ್ರೂ ಐತೇನ್ರಿ? ನಮ್ಮನ್ಯಾಗೆ ಅದು ನಡೆಯಂಗಿಲ್ಲ.”

“ಛೆ ಛೆ, ಬರೀ ದ್ರಾಕ್ಷಿರಸ ಕಣ್ರೀ,” ಎಂದೆ, ಕಣ್ಣು ಮಿಟುಕಿಸದೆ.

ಅವರು ಬಾಟಲಿ ಕೊಂಡು ಅತ್ತ ಹೋದರು, ಇತ್ತ ಅಪ್ಪ ಒಳಗಿನಿಂದ ಬಂದರು. “ಬರೀ ರಸ ಭರಣಿಯೊಳಗೆ ಗುಸುಗುಸು ಅಂತದೇನೇ?” ಎಂದರು.

“ಔಷಧಿ ತಾನೇ ಅಪ್ಪಾ? ಒಳ್ಳೇದೇ ಆಗ್ತದಲ್ಲ.”

“ಒಳ್ಳೇದೋ ಕೆಟ್ಟದ್ದೋ ಅಂತ ಅವ್ರು ಕೇಳ್ಲಿಲ್ಲ. ಐತೋ ಇಲ್ಲೋ ಅಂತ ಕೇಳಿದ್ರು.” ಅಷ್ಟು ಹೇಳಿ ಮತ್ತೆ ನಾಡಿ ನೋಡಲು ಹೋದರು. ಬೈದಿದ್ದರೆ ವಾದಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಸೊರಬದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಲೆಕ್ಕಾಚಾರ: ಇಷ್ಟು ಹೊತ್ತಿಗೆ ಎಷ್ಟು ಚಮಚ ಹೋಗಿರಬಹುದು?

ಬಾಷಾ ಸಾಬರು ಜಗಲಿಯ ಮೇಲೆ ಕೂತು ಮಿಷನ್ ತುಳಿಯುತ್ತಿದ್ದರು. ಅವರ ಹಿಂದೆ ಕಿಟಕಿಯಲ್ಲಿ ನಮ್ಮ ಬಾಟಲಿ. ಕಾಲು ಭಾಗ ಖಾಲಿ. ನಿಂತಲ್ಲೇ ಎಲ್ಲವನ್ನೂ ಒದರಿಬಿಟ್ಟೆ. ಅದರಲ್ಲಿ ಸ್ವಲ್ಪ ಅಮಲಿದೆ, ನಾನು ಸುಳ್ಳು ಹೇಳಿದೆ, ತಪ್ಪಾಯಿತು.

ಮಿಷನ್ ನಿಂತಿತು. ಅವರು ಸಿಟ್ಟಾಗಲಿಲ್ಲ. “ನಾನು ಕೇಳಿದ್ನಲ್ಲಕ್ಕಾ,” ಎಂದರು, ಅಷ್ಟೆ. ಆ ಮಾತಿಗಿಂತ ಒಂದು ಏಟು ಹಗುರವಾಗಿರುತ್ತಿತ್ತು.

ಆಗ ಒಳಗಿನಿಂದ ಅವರ ತಾಯಿ ನಗುತ್ತಾ ಬಂದರು. “ಅವ್ಳು ಒಂದು ಹನೀನೂ ಕುಡಿದಿಲ್ಲವ್ವ. ಹೆಂಡದಂಗಡಿ ಎದುರು ಇಷ್ಟು ವರ್ಷ ಸಂಸಾರ ಮಾಡೀನಿ, ನನ್ನ ಮೂಗಿಗೆ ಗೊತ್ತಾಗಂಗಿಲ್ವಾ? ಮೂಸಿದ ಕೂಡ್ಲೇ ಎತ್ತಿಟ್ಟೆ.”

“ಮತ್ತೆ ಖಾಲಿಯಾಗಿದ್ದು?”

“ಆ ಮಲ್ಲಿಗೆ ಗಿಡಕ್ಕೆ ಹುಯ್ದೆ. ತೂರಾಡ್ತದೇನೋ ನೋಡಾಣ ಅಂತ. ನೆಟ್ಟಗೇ ನಿಂತೈತೆ!”

ಬಾಷಾ ಸಾಬರಿಗೂ ನಗು ತಡೆಯಲಾಗಲಿಲ್ಲ. ನನಗೆ ಮಾತ್ರ ಕಣ್ಣಲ್ಲಿ ನೀರು. ಅಷ್ಟರಲ್ಲಿ ಬಾಗಿಲ ಪರದೆಯ ಹಿಂದಿನಿಂದ ಸಣ್ಣ ದನಿ ಕೇಳಿತು: “ಹಂಗಾದ್ರೆ ನಾನೇನು ತಗೊಳ್ಳಲಿ, ಅಕ್ಕಾ?”

ಎಷ್ಟೋ ಜನ ಕೇಳಿದ್ದ ಪ್ರಶ್ನೆಯೇ. ಆದರೆ ಅಂಗಡಿಯ ಕಪಾಟನ್ನು ಮನಸ್ಸಿನಲ್ಲೂ ತಿರುಗಿ ನೋಡದೆ ಉತ್ತರಿಸಿದ್ದು ಅಂದೇ ಮೊದಲು. ಒಳಗೆ ಹೋಗಿ ಆಕೆಯ ಪಕ್ಕದಲ್ಲಿ ಕೂತೆ. ಮಗು ನನ್ನ ಬೆರಳು ಹಿಡಿದುಕೊಂಡಿತು. ದ್ರಾಕ್ಷಿ, ಖರ್ಜೂರ ನೆನೆಸಿ ಬೆಳಿಗ್ಗೆ ಕಿವುಚಿ ಕುಡಿಯಿರಿ, ಹುಳಿ ಬರುವ ತನಕ ಇಡಬೇಡಿ, ಮಗು ಮಲಗಿದಾಗಲೆಲ್ಲ ನೀವೂ ಮಲಗಿ ಎಂದೆ. “ಅದು ನಿಮ್ಮ ಅಂಗಡ್ಯಾಗೆ ಸಿಗ್ತದಾ?” ಎಂದು ಕೇಳಿದಳು. “ಇಲ್ಲ, ಸಂತೇಲಿ ತಗೊಳ್ಳಿ,” ಎಂದೆ. ಆಕೆಯ ಅತ್ತೆ ಬಿಸಿ ರೊಟ್ಟಿ ತಿನ್ನಿಸಿಯೇ ಬಸ್ಸು ಹತ್ತಿಸಿದರು.

ಎರಡು ತಿಂಗಳ ಮೇಲೆ ಆಕೆ ಕೆನ್ನೆ ತುಂಬಿಕೊಂಡು, ಮಗುವನ್ನೆತ್ತಿಕೊಂಡು ಅಂಗಡಿಗೇ ಬಂದಳು. ಜೊತೆಗೆ ಪಕ್ಕದ ಮನೆಯವಳನ್ನೂ ಕರೆತಂದಿದ್ದಳು. “ಇವ್ರು ಇಲ್ಲ ಅಂತಾನೂ ಹೇಳ್ತಾರೆ,” ಎಂದು ಪರಿಚಯಿಸಿದಳು. ಆಮೇಲೆ ಸೊರಬದಿಂದ ಬರುವವರು ಹೆಚ್ಚಿದರು. ಅಮಲಿದೆ ಎಂದು ನಾನೇ ಮೊದಲು ಹೇಳತೊಡಗಿದೆ. ಕೆಲವರು ಬಾಟಲಿ ಕೆಳಗಿಟ್ಟರು. ಗೌಡರು ಮಾತ್ರ, “ಹೌದೇನ್ರೀ? ಹಂಗಾದ್ರೆ ದೊಡ್ಡದೇ ಕೊಡ್ರಿ,” ಎಂದರು. ಕೊಡಲಿಲ್ಲ.

ಮೊನ್ನೆ ಆ ಡಬ್ಬಿ ತೊಳೆದಿಟ್ಟು, ಸಂಜೆ ಮೊಣಕಾಲು ನೋವಿನ ಮಾತ್ರೆಗೆಂದು ಮೆಡಿಕಲ್ ಶಾಪಿಗೆ ಹೋದೆ. “ಇದರಿಂದ ಮಂಪರು ಬರುತ್ತೇನಪ್ಪ?” ಎಂದೆ. ಅಂಗಡಿಯವ ಪೊಟ್ಟಣ ಕಟ್ಟುತ್ತಲೇ, “ಏನೂ ಆಗಲ್ಲ ಅಜ್ಜಿ,” ಎಂದ. ಸಿಟ್ಟು ಬರಲಿಲ್ಲ, ಅವನ ವಯಸ್ಸು, ಅವನ ಅವಸರ, ಎರಡೂ ನನಗೆ ಗೊತ್ತು. ಸುಮ್ಮನೆ ನೋಡುತ್ತಾ ನಿಂತೆ. ಅವನು ತಲೆಯೆತ್ತಿದ. ಪೊಟ್ಟಣ ಬಿಚ್ಚಿ, ಕನ್ನಡಕ ಹಾಕಿಕೊಂಡು, ಸಣ್ಣ ಅಕ್ಷರಗಳನ್ನು ಓದಿದ.

“ಸ್ವಲ್ಪ ಬರುತ್ತೆ ಅಜ್ಜಿ.”

“ಬರಲಿ ಬಿಡು,” ಎಂದೆ. “ಕೊಡು.”